ನನ್ನ ಮೂಗಿಗೆ ಮಾಮಾ ಹಚ್ಚಿದ ನೆರಳು

ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರವರ ಮುಖ, ಅವರವರ ಕನ್ನಡಿ. ನನ್ನ ಸಿಟ್ಟೆಲ್ಲ ಬೇರೆಯವರ ಮುಖ ತಿದ್ದಲು ಡಬ್ಬಿ ಹಿಡಿದುಕೊಂಡು ಬರುವವರ ಮೇಲೆ. ಅಂಥವರನ್ನು ನಾನು ಹದಿನೇಳನೆಯ ವಯಸ್ಸಿನಲ್ಲಿ ಗಜೇಂದ್ರಗಡದ ನಮ್ಮ ಮನೆಯೊಳಗೇ ಕಂಡೆ. ಡಬ್ಬಿ ತಂದವನು ಹೊರಗಿನವನಲ್ಲ, ನನ್ನ ಸ್ವಂತ ಸೋದರಮಾವ. ಅವನಿಗೆ ಬಣ್ಣ ಕಲೆಸಿಕೊಟ್ಟವಳು ಅಪ್ಪನ ಅಕ್ಕ, ನನ್ನ ಅತ್ತೆ. ಬಾಗಿಲು ಮುಂದೆ ಮಾಡಿಕೊಂಡು ನೋಡುತ್ತ ನಿಂತವಳು ನನ್ನ ಹೆತ್ತ ತಾಯಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಗಾದೆಯೂ ಸುಳ್ಳಾಯಿತು.

ನಾನು ಕಪ್ಪು. ಮದುವೆ ಮಾತಾಡುವವರು ಸಾದಗಪ್ಪು, ಎಣ್ಣೆಗಪ್ಪು, ಗೋದಿಬಣ್ಣ ಎಂದೆಲ್ಲ ಹೆಸರಿಟ್ಟುಕೊಂಡಿರುತ್ತಾರಲ್ಲ, ಅವುಗಳಲ್ಲಿ ಯಾವುದೂ ನನಗೆ ಹೊಂದುವುದಿಲ್ಲ. ಮಳೆ ಬಿದ್ದ ಮರುದಿನ ಎರೆಹೊಲ ಯಾವ ಬಣ್ಣ ಇರುತ್ತದೋ ಆ ಬಣ್ಣ ನನ್ನದು. ಮೂಗೂ ಅಗಲ. ಅಪ್ಪನ ತಾಯಿಯ ಮೂಗು ಅಪ್ಪನನ್ನೂ ಅತ್ತೆಯನ್ನೂ ಬಿಟ್ಟು ನೇರವಾಗಿ ನನ್ನ ಮುಖಕ್ಕೆ ಬಂದು ಕೂತಿತ್ತು. ನನ್ನ ತಂಗಿಯೋ ಕೆಂಪಗೆ, ತಿದ್ದಿದ ಗೊಂಬೆಯ ಹಾಗೆ ಇದ್ದಳು. ಒಂದೇ ಒಲೆಯ ಮೇಲೆ ಬೇಯಿಸಿದ ರೊಟ್ಟಿಗಳಲ್ಲಿ ಒಂದು ಸೀದರೆ ಒಂದು ಹಸಿ ಉಳಿಯುತ್ತದೆ ಎಂದು ಅತ್ತೆ ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದಾಗಲೆಲ್ಲ ಹೇಳುತ್ತಿದ್ದಳು. ಹಸಿ ಉಳಿದವಳು ನಗುತ್ತಿದ್ದಳು. ಸೀದವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ನಮ್ಮದು ಇನ್ನೂ ಮುಂಬೈ ಸರಕಾರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿಯರು ನಮ್ಮೂರಲ್ಲಿ ಕೈಬೆರಳಲ್ಲಿ ಎಣಿಸುವಷ್ಟಿದ್ದರು. ನಾನು ಪಾಸಾಗಿ ಮನೆಯಲ್ಲಿ ಕೂತಿದ್ದೆ. ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿದರೆ ಸಾಲಿಯ ಬಾಯಿ ಆಗಬಹುದು ಎಂಬುದೊಂದೇ ನನ್ನ ತಲೆಯಲ್ಲಿ. ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದಕ್ಕೆ ಮೊದಲು ನಮ್ಮ ಕಡೆ ಬಾಯಿ ಅನ್ನುತ್ತಿದ್ದರು, ಆ ಬಾಯಿ. ಆದರೆ ಮದುವೆಯಾಗದ ಹುಡುಗಿಯನ್ನು ಪರಊರಿನಲ್ಲಿ ಬಿಡುವುದಿಲ್ಲ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಮದುವೆಯಾಗಿ, ಆಮೇಲೆ ಗಂಡನ ಮನೆಯವರು ಕಳಿಸಿದರೆ ಹೋಗು ಎಂದ. ಯಾವ ಗಂಡನ ಮನೆಯವರು ಕಳಿಸುತ್ತಾರೆ? ಆದ್ದರಿಂದ ಮದುವೆ ಎನ್ನುವುದು ನನಗೆ ದಾಟಲೇಬೇಕಾದ ಹೊಸ್ತಿಲಾಯಿತು. ಆ ಹೊಸ್ತಿಲಲ್ಲೇ ನನ್ನ ಬಣ್ಣ ಅಡ್ಡ ಕೂತಿತ್ತು.

ನೋಡಲು ಬಂದ ಮೊದಲನೆಯವರು ಬಣ್ಣ ಕಡಿಮೆ ಅಂದರು. ಎರಡನೆಯವರು ಬಣ್ಣ ನಡೆದೀತು, ಮೂಗು ನಡೆಯುವುದಿಲ್ಲ ಅಂದರು. ಮೂಗು ಯಾಕೆ ನಡೆಯಬೇಕು, ಕಾಲು ನಡೆದರೆ ಸಾಲದೇ ಎಂದು ನಾನು ಒಳಗಿನಿಂದ ಅಂದದ್ದು ಅವರಿಗೂ ಕೇಳಿಸಿತಂತೆ. ಅಪ್ಪ ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹೊಳೆಆಲೂರಿನ ಒಂದು ಅಡತಿ ಅಂಗಡಿಯ ಮನೆತನ ಮಾತ್ರ ಬಣ್ಣ ಮೂಗು ಎರಡಕ್ಕೂ ತಯಾರಿತ್ತು. ಆದರೆ ಆ ಮನೆಯ ಸೊಸೆಯಂದಿರು ಬಾವಿಗೂ ಹೋಗುವುದಿಲ್ಲ, ನೀರು ಆಳುಗಳು ತರುತ್ತಾರೆ ಎಂದು ದೊಡ್ಡಸ್ತಿಕೆಯಿಂದ ಹೇಳಿಕೊಂಡಿದ್ದರು. ಬಾವಿಗೇ ಬಿಡದವರು ಧಾರವಾಡಕ್ಕೆ ಬಿಟ್ಟಾರೆಯೆ?

ಅಷ್ಟರಲ್ಲಿ ನರಗುಂದದ ಮಾತು ಬಂತು. ಹುಡುಗ ಅಲ್ಲಿಯ ಗಂಡುಮಕ್ಕಳ ಸಾಲಿಯಲ್ಲಿ ಮಾಸ್ತರ. ಹುಡುಗಿ ಮುಲ್ಕಿ ಪಾಸಾಗಿದ್ದಾಳೆಂದೇ ಅವರು ಕೇಳಿದ್ದಂತೆ, ಟ್ರೇನಿಂಗಿಗೂ ಕಳಿಸುತ್ತಾರಂತೆ ಎಂದು ಮಧ್ಯಸ್ಥಿಕೆಯವರು ಹೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದವಳು ಕಿವಿಯನ್ನು ಬಾಗಿಲಿಗೇ ಹಚ್ಚಿದೆ. ಹುಡುಗನ ಚಿಗವ್ವ ಸೂಡಿಯಲ್ಲಿರುತ್ತಾಳೆ, ಅಲ್ಲಿಯ ಒಂದು ಮದುವೆಯಲ್ಲಿ ಹುಡುಗಿಯನ್ನು ನೋಡಿ ಅವಳೇ ಸುದ್ದಿ ಎತ್ತಿದ್ದಾಳೆ ಎಂದೂ ಅವರು ಹೇಳಿದರು. ಇದನ್ನು ಕೇಳಿ ಅವ್ವ ಹೆದರಿದಳು. ಸೂಡಿಯ ಆ ಮದುವೆಯಲ್ಲಿ ನಾನು ಬಡಿಸುವವರೊಡನೆ ಜಗಳ ತೆಗೆದು ಬೈಸಿಕೊಂಡಿದ್ದೆ.

ಒಮ್ಮೆ ನೋಡಿದವರೇ ಕೇಳಿಕೊಂಡು ಬರುತ್ತಿದ್ದಾರೆ ಎಂದರೆ ನೋಡಿದ್ದು ಒಪ್ಪಿಗೆ ಆಗಿದೆ ಎಂದಲ್ಲವೇ ಅರ್ಥ? ಇದು ಎಂಟು ವರ್ಷದ ಕೂಸಿಗೂ ತಿಳಿಯುತ್ತದೆ. ನಮ್ಮ ಮನೆಯ ಹಿರಿಯರಿಗೆ ತಿಳಿಯಲಿಲ್ಲ. ಅತ್ತೆ ಇದಕ್ಕೆ ತನ್ನದೇ ವಿವರಣೆ ಕೊಟ್ಟಳು.

"ದೂರಿಂದ ನೋಡಿರಬೇಕ. ದೂರಿಂದ ಬಣ್ಣ ಗೊತ್ತಾಗೂದಿಲ್ಲ. ಹಂತ್ಯಾಕ ಬಂದ್ರ ಗೊತ್ತಾಗತೈತಿ."

ಹತ್ತಿರ ಬರುವಷ್ಟರಲ್ಲಿ ನನ್ನನ್ನು ಬೇರೆಯವಳನ್ನಾಗಿ ಮಾಡಬೇಕು ಎಂದು ತೀರ್ಮಾನವಾಯಿತು. ರೋಣಕ್ಕೆ ಹೇಳಿಕಳಿಸಿದರು. ಅಲ್ಲಿಂದ ಮಾಮಾ ಬಸ್ಸಿನಲ್ಲಿ ತನ್ನ ತಗಡಿನ ಟ್ರಂಕು ಹೊತ್ತುಕೊಂಡು ಬಂದ.

ಅವ್ವನ ತಮ್ಮ ಅವನು. ರೋಣದಲ್ಲಿ ಅವನಿಗೊಂದು ಅರಿವೆ ಅಂಗಡಿ ಇತ್ತು, ಆದರೆ ಅವನು ಅಂಗಡಿಯಲ್ಲಿ ಇದ್ದದ್ದನ್ನು ಕಂಡವರು ಕಡಿಮೆ. ಸುತ್ತಲಿನ ಯಾವ ಊರಲ್ಲಿ ನಾಟಕವಾಗಲಿ, ದೊಡ್ಡಾಟವಾಗಲಿ, ಬಣ್ಣ ಹಚ್ಚುವುದಕ್ಕೆ ಅವನೇ ಆಗಬೇಕು. ಟ್ರಂಕಿನಲ್ಲಿ ಸಫೇದಾ ಎನ್ನುವ ಬಿಳಿ ಪುಡಿ, ಹಳದಿ ಅರದಾಳ, ಕೆಂಪು ಇಂಗಳೀಕ, ಕಾವಿ, ಕಾಡಿಗೆ, ಕೊಬ್ಬರಿ ಎಣ್ಣೆಯ ಸೀಸೆ. ಇವುಗಳಿಂದ ಅವನು ಮೀಸೆ ಚಿಗುರಿದ ಹುಡುಗರನ್ನು ರಾಣಿ ಮಾಡುತ್ತಿದ್ದ, ಅಡಕಿ ವ್ಯಾಪಾರಿಗಳನ್ನು ರಾಕ್ಷಸರನ್ನು ಮಾಡುತ್ತಿದ್ದ. ತಾನು ಬಣ್ಣ ಹಚ್ಚಿದ ಮೊದಲನೆಯ ಮುಖವೇ ಪಾಸಾಗಿತ್ತು, ಆಗ ತನಗಿನ್ನೂ ಮೀಸೆಯೂ ಬಂದಿರಲಿಲ್ಲ ಎಂದು ಬಂದಾಗಲೆಲ್ಲ ಹೇಳುತ್ತಿದ್ದ. ಅದು ಯಾರ ಮುಖ, ಯಾವ ನಾಟಕ ಎಂದು ಕೇಳಿದರೆ ಮಾತ್ರ ಅವ್ವ ಅವನನ್ನು ಊಟಕ್ಕೆ ಎಬ್ಬಿಸಿಬಿಡುತ್ತಿದ್ದಳು.

ನರಗುಂದದವರು ಬರುವ ಹಿಂದಿನ ದಿನ ಮಧ್ಯಾಹ್ನ ಮಾಮಾ ನನ್ನನ್ನು ಅಂಗಳದ ಬಾಗಿಲ ಬಳಿ ಕೂರಿಸಿಕೊಂಡ. ಗದ್ದ ಹಿಡಿದು ಆಚೆ ಈಚೆ ತಿರುಗಿಸಿದ. ದನದ ಸಂತೆಯಲ್ಲಿಯ ಹಾಗೆ ಹಲ್ಲು ನೋಡುವುದೊಂದು ಬಾಕಿ ಇತ್ತು. ಮೂಗು ಸಣ್ಣದು ಮಾಡುವುದು ದೊಡ್ಡ ಮಾತಲ್ಲ, ನೆರಳು ಹಚ್ಚಿದರೆ ಸಾಕು ಎಂದ. ಮೂಗಿನ ಎರಡೂ ಬದಿಗೆ ಮೇಲಿಂದ ಕೆಳಗೆ ಕಂದು ಗೆರೆ ಎಳೆದು, ಬೆರಳಿನಿಂದ ಅದನ್ನು ಮಾಸಿಸಬೇಕು. ಬೆಳಕು ಬಿದ್ದಾಗ ಆ ಬದಿಗಳು ಒಳಗೆ ಸರಿದಂತೆ ಕಾಣುತ್ತವೆ, ನಡುವಿನ ದಿಂಡು ಮಾತ್ರ ಎದ್ದು ಕಾಣುತ್ತದೆ. ಗಲ್ಲದ ಕೆಳಗೂ ಹಾಗೆಯೇ ಹಚ್ಚಿದರೆ ದುಂಡು ಮುಖ ಉದ್ದವಾಗುತ್ತದೆ. ಕೇಳಿದಾಗ ನನಗೂ ಇದರಲ್ಲಿ ಏನೋ ಇದೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಟ್ರೇನಿಂಗಿಗೆ ಹೋಗಲು ಮೂಗಿನ ಮೇಲೆ ಎರಡು ಗೆರೆ ಸಾಕಾಗುವುದಾದರೆ ಎಳೆಯಲಿ ಬಿಡು ಎಂದು ಸುಮ್ಮನೆ ಕೂತೆ.

ಆದರೆ ಅವನ ನೆರಳಿನ ಬಣ್ಣ ಮೊದಲೇ ಕಲೆಸಿಟ್ಟದ್ದು. ಕಾವಿಗೆ ಚೂರು ಕಾಡಿಗೆ ಬೆರೆಸಿ, ರಾಣಿ ಪಾರ್ಟು ಮಾಡುವ ಕೆಂಪನೆಯ ಹುಡುಗರಿಗೆಂದು ಮಾಡಿಕೊಂಡದ್ದು. ಅದನ್ನೇ ನನ್ನ ಮೂಗಿಗೆ ಎಳೆದ. ಎಳೆದು, ಹಿಂದೆ ಸರಿದು ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ. ಕನ್ನಡಿ ನನ್ನ ಕೈಯಲ್ಲಿತ್ತು, ನನಗೆ ಕೂಡಲೇ ಕಂಡಿತು. ಅವನ ನೆರಳು ನನ್ನ ಚರ್ಮಕ್ಕಿಂತ ತಿಳಿಯಾಗಿತ್ತು. ನೆರಳು ಬೀಳಬೇಕಾದಲ್ಲಿ ಬೆಳಕು ಬಿದ್ದಂತಾಗಿ ಮೂಗು ಕಿವಿಯಿಂದ ಕಿವಿಗೆ ಹರಡಿಕೊಂಡಿತ್ತು.

ನಾನು ಸಮಾಧಾನದಿಂದಲೇ ಹೇಳಿದೆ. ಇದಕ್ಕೆ ಇನ್ನಷ್ಟು ಕಾಡಿಗೆ ಬೆರೆಸು, ನನಗಿಂತ ಒಂದು ಕೈ ಕಪ್ಪಾಗಲಿ, ಆಗ ನೆರಳು ನೆರಳಾಗಿ ಕಾಣುತ್ತದೆ ಎಂದೆ. ಮುಂಗೈಯ ಮೇಲೆ ನಾನೇ ಒಂದಿಷ್ಟು ಕಲೆಸಿ, ಹಚ್ಚಿ, ಬಿಸಿಲಿಗೆ ಹಿಡಿದು ತೋರಿಸಿದೆ. ಹೊಂದಿತ್ತು. ಮಾಮಾ ಅದನ್ನು ನೋಡಿಯೂ ತಲೆ ಅಲ್ಲಾಡಿಸಿದ.

"ಇಷ್ಟ ಕರೇ ನೆರಳ ರಾಕ್ಷಸ ಪಾರ್ಟಿಗೆ ಹಚ್ಚತಾರವಾ. ಹೆಣ್ಣ ಪಾರ್ಟಿಗೆ ಹಚ್ಚೂದಿಲ್ಲ."

ನಾನು ಪಾರ್ಟು ಮಾಡುತ್ತಿಲ್ಲ ಎಂದೆ. ಹುಡುಗಿ ತೋರಿಸುವುದೂ ಒಂದು ಪಾರ್ಟೇ ಎಂದು ಅತ್ತೆ ಎಲೆ ಅಗಿಯುತ್ತ ನಡುವೆ ಬಾಯಿ ಹಾಕಿದಳು. ಹಾಗಾದರೆ ಏನು ಮಾಡುವುದು ಎಂದು ಇಬ್ಬರೂ ಯೋಚಿಸಿ ಒಂದು ಉಪಾಯ ಕಂಡುಹಿಡಿದರು. ನೆರಳಿನ ಬಣ್ಣ ನನಗಿಂತ ಕಪ್ಪಾಗುವುದು ಬೇಡ. ನಾನೇ ನೆರಳಿನ ಬಣ್ಣಕ್ಕಿಂತ ಬೆಳ್ಳಗಾಗಬೇಕು. ಮುಖಕ್ಕೆಲ್ಲ ಸಫೇದಾ ಬಳಿದು, ಅದರ ಮೇಲೆ ಗೆರೆ ಎಳೆದರೆ ಎಲ್ಲ ಸರಿಹೋಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕತೆ ಕೇಳಿದ್ದೆ. ಮೂಗಿಗಾಗಿ ಮುಖವನ್ನೇ ಅಳಿಸುವವರನ್ನು ಅವತ್ತೇ ನೋಡಿದ್ದು. ಅವ್ವನ ಕಡೆ ನೋಡಿದೆ. ಅವಳಾದರೂ ಬೇಡ ಅಂದಾಳು ಎಂದುಕೊಂಡೆ. ಅವಳದೂ ನನ್ನದೇ ಬಣ್ಣ. ಅವಳು ನೆಲ ನೋಡುತ್ತ, ದೊಡ್ಡವರು ಹೇಳಿದ ಹಾಗೆ ಕೇಳು ಎಂದಳು.

ಮರುದಿನ ಕೆಲಸ ಬೆಳಗಿನಿಂದಲೇ ಸುರುವಾಯಿತು. ಬೇಸಿಗೆ. ಗುಡ್ಡದ ಕಲ್ಲು ಕಾಯ್ದು ಊರೆಲ್ಲ ಬಾಣಲೆಯಾಗಿತ್ತು. ಮೊದಲು ತಂಗಿಯನ್ನು ಪಕ್ಕದ ಮನೆಗೆ ಸಾಗಿಸಿದರು. ಇದು ನಮ್ಮ ಕಡೆ ರೂಢಿ. ದೊಡ್ಡವಳನ್ನು ನೋಡಲು ಬಂದವರ ಕಣ್ಣಿಗೆ ಸಣ್ಣವಳು ಬಿದ್ದರೆ ಅವಳನ್ನೇ ಕೇಳಿಬಿಡುತ್ತಾರೆ ಎಂಬ ಹೆದರಿಕೆ. ಅವಳು ಉಡಿಯಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಹಬ್ಬಕ್ಕೆ ಹೋದಂತೆ ಹೋದಳು. ಆಮೇಲೆ ಮಾಮಾ ಸಫೇದಾವನ್ನು ಎಣ್ಣೆಯಲ್ಲಿ ಕಲೆಸಿ ನನ್ನ ಮುಖಕ್ಕೆ ಹಚ್ಚಲು ಕೂತ. ಮುಖ ಬೆಳ್ಳಗಾದಾಗ ಕುತ್ತಿಗೆ ಕಪ್ಪಾಗಿ ಕಂಡಿತು. ಕುತ್ತಿಗೆಗೆ ಹಚ್ಚಿದ. ಆಗ ಕಿವಿ ಕಂಡಿತು. ಕಿವಿಗೆ ಹಚ್ಚಿದಾಗ ಕೈ ಕಂಡವು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಬೇಕಾಗುವ ಹಾಗೆ ಮೊಣಕೈಯವರೆಗೂ ಇಳಿದುಬಂದ. ಇನ್ನು ಗಲ್ಲಕ್ಕೆ ಎರಡನೆಯ ಸಲ ಬಳಿಯಬೇಕು ಎನ್ನುವಾಗ ಡಬ್ಬಿಯ ತಳ ಕಂಡಿತು.

ಅತ್ತೆ ಬಿಟ್ಟುಕೊಡುವವಳಲ್ಲ. ತನ್ನ ಎಲಿಸಂಚಿ ಬಿಚ್ಚಿ, ಎಲೆಗೆ ಹಚ್ಚಿಕೊಳ್ಳುವ ಸುಣ್ಣದ ಡಬ್ಬಿ ತೆಗೆದು, ಅದರಲ್ಲಿದ್ದಷ್ಟನ್ನೂ ಉಳಿದ ಸಫೇದಾಕ್ಕೆ ಸುರಿದಳು. ಬಿಳಿಗೆ ಬಿಳಿ, ಯಾರಿಗೆ ತಿಳಿಯುತ್ತದೆ ಅಂದಳು. ಅದನ್ನು ಗಲ್ಲಕ್ಕೆ ಹಚ್ಚಿದಾಗ ಚುರುಚುರು ಎಂದಿತು. ಉರಿಯುತ್ತದೆ ಎಂದೆ. ಚೆಂದ ಕಾಣಬೇಕೆಂದರೆ ಉರಿಯಬೇಕಾಗುತ್ತದೆ ಎಂದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ ಎಂದು ಮೇಲೊಂದು ಗಾದೆಯನ್ನೂ ಹೇಳಿದಳು. ಅದರ ಮೇಲೆ ಮಾಮಾ ತನ್ನ ನೆರಳು ಎಳೆದ. ಮೂಗು ಸಣ್ಣದಾಯಿತು, ಒಪ್ಪಿದೆ. ಆದರೆ ಕನ್ನಡಿಯಲ್ಲಿ ನಾನಿರಲಿಲ್ಲ. ಬೂದಿ ಬಳಿದ ಹೊಸ ಗಡಿಗೆಯೊಂದು ನನ್ನ ಕಣ್ಣುಗಳನ್ನು ಎರವಲು ಪಡೆದು ನನ್ನನ್ನೇ ನೋಡುತ್ತಿತ್ತು.

ಅವ್ವ ಕೊನೆಯದಾಗಿ ಬಂದು, ಏನೇ ಆದರೂ ಇವತ್ತು ಬಾಯಿ ಬಿಚ್ಚಬೇಡ, ಸೂಡಿಯಂತೆ ಮಾಡಬೇಡ ಎಂದು ಕೈ ಹಿಡಿದು ಬೇಡಿಕೊಂಡಳು. ಮುಖವೂ ಮುಚ್ಚಿತ್ತು, ಬಾಯಿಯೂ ಮುಚ್ಚಿತು. ಇನ್ನು ಅವರು ನೋಡುವುದಾದರೂ ಏನನ್ನು?

ನರಗುಂದದವರು ಬಂದರು. ಹುಡುಗನ ಅಪ್ಪ, ಅವ್ವ, ಸೂಡಿಯ ಚಿಗವ್ವ, ಜೊತೆಗೆ ಹುಡುಗ. ಉಪ್ಪಿಟ್ಟು, ಚಹಾ ಆಯಿತು. ನನ್ನನ್ನು ಕರೆತಂದು ಜಮಖಾನೆಯ ಮೇಲೆ ಕೂರಿಸಿದರು. ನಾನು ತಲೆ ಬಗ್ಗಿಸಿ ಕೂತೆ. ಓರೆಗಣ್ಣಿನಲ್ಲಿ ಒಮ್ಮೆ ಹುಡುಗನನ್ನು ನೋಡಿದೆ. ನೋಡಿದವಳು ಬಂದ ನಗುವನ್ನು ಹೇಗೆ ತಡೆದೆನೋ ದೇವರೇ ಬಲ್ಲ. ಅವನ ಮುಖಕ್ಕೂ ಯಾರೋ ಪೌಡರು ಮೆತ್ತಿದ್ದರು. ಕಿವಿ ಎರಡೂ ಕಪ್ಪಗೆ, ನಡುವೆ ಮುಖ ಬೆಳ್ಳಗೆ. ಬೆವರು ಇಳಿದು ಹಣೆಯಿಂದ ಗದ್ದದವರೆಗೆ ಕಾಲುವೆಗಳಾಗಿದ್ದವು. ಅಂಗಿಯ ಕಾಲರಿನ ಮೇಲೂ ಪುಡಿ ಬಿದ್ದಿತ್ತು. ಪಾಪ ಎನ್ನಿಸಿತು. ಅವನ ಮನೆಯಲ್ಲೂ ಒಬ್ಬಳು ಅತ್ತೆ ಇದ್ದಾಳೆ ಅಂದುಕೊಂಡೆ.

ಹೆಸರು ಕೇಳಿದರು, ಅಡಿಗೆ ಕೇಳಿದರು, ಒಂದು ಹಾಡು ಹೇಳಿಸಿದರು. ಟ್ರೇನಿಂಗಿನ ಮಾತು ಯಾರೂ ಎತ್ತಲಿಲ್ಲ. ನಾನು ಅದಕ್ಕಾಗಿಯೇ ಕಾಯುತ್ತ ಕೂತಿದ್ದೆ. ಸೂಡಿಯ ಚಿಗವ್ವ ಮಾತ್ರ ಏನೂ ಕೇಳದೆ, ಬಂದಾಗಿನಿಂದ ನನ್ನನ್ನೇ ದಿಟ್ಟಿಸುತ್ತಿದ್ದಳು. ಕಡೆಗೆ ಉಡಿ ತುಂಬಲು ಎದ್ದಳು. ಉಡಿ ತುಂಬುವ ಮೊದಲು ಅರಿಷಿಣ ಹಚ್ಚುವುದು ಪದ್ಧತಿ. ಅರಿಷಿಣವನ್ನು ನೀರಲ್ಲಿ ಕಲೆಸಿಕೊಂಡು ನನ್ನ ಎರಡೂ ಗಲ್ಲಕ್ಕೆ ಹಚ್ಚಿದಳು.

ಅರಿಷಿಣಕ್ಕೆ ಸುಣ್ಣ ಬೆರೆತರೆ ಏನಾಗುತ್ತದೆ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರತಿಯ ಓಕುಳಿ ನೀರನ್ನು ಹಾಗೆಯೇ ಕೆಂಪಗೆ ಮಾಡುವುದು. ಊರಲ್ಲಿ ಯಾರ ಮನೆಯಲ್ಲಿ ಆರತಿ ಆದರೂ ಓಕುಳಿ ಕಲೆಸಲು ನಮ್ಮ ಅತ್ತೆಯೇ ಬೇಕು. ಆ ಅತ್ತೆಯೇ ಬೆಳಿಗ್ಗೆ ತನ್ನ ಕೈಯಾರೆ ನನ್ನ ಗಲ್ಲಕ್ಕೆ ಸುಣ್ಣ ಮೆತ್ತಿದ್ದಳು. ನನ್ನ ಗಲ್ಲ ಎರಡೂ ನೋಡನೋಡುತ್ತಿದ್ದಂತೆ ರಕ್ತದ ಹಾಗೆ ಕೆಂಪಾದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ, ರಾಣಿ ಮಾಡಲು ಹೋದವರು ಕಡೆಗೂ ರಾಕ್ಷಸಿಯನ್ನೇ ಮಾಡಿದ್ದರು.

ಚಿಗವ್ವ ಬೆರಳಿನಿಂದ ನನ್ನ ಗಲ್ಲ ಒರೆಸಿ, ಬೆರಳಿಗೆ ಬಂದ ಬಿಳಿ ಕೆಂಪನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾ ನೋಡಿದ ಹುಡಿಗಿ ಇಕಿ ಅಲ್ಲ," ಅಂದಳು.

ಹುಡುಗನ ಅಪ್ಪನಿಗೆ ಅಷ್ಟೇ ಸಾಕಾಯಿತು. ಈ ಮನೆಯಲ್ಲಿ ಕೆಂಪನೆಯ ಸಣ್ಣ ಮಗಳೊಬ್ಬಳಿದ್ದಾಳೆ ಎಂದು ಅವರೂ ಕೇಳಿದ್ದರು. ಸಣ್ಣವಳನ್ನು ತೋರಿಸಿ ಮದುವೆಯ ದಿನ ದೊಡ್ಡವಳ ಕೊರಳಿಗೆ ತಾಳಿ ಕಟ್ಟಿಸುವ ಮೋಸ ಆ ಕಾಲದಲ್ಲಿ ನಡೆಯದ ಸಂಗತಿ ಅಲ್ಲ.

"ಸಣ್ಣಾಕೀನ ತೋರಿಸಿ ದೊಡ್ಡಾಕೀನ ಗಂಟ ಹಾಕೂ ವಿಚಾರ ಐತೇನ್ರಿ ಸಾಹುಕಾರ?" ಎಂದು ಅವರು ಅಪ್ಪನನ್ನು ಕೇಳಿ ಎದ್ದು ನಿಂತರು.

ಅಪ್ಪನಿಗೆ ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಇವಳೇ ದೊಡ್ಡವಳು, ಆಣೆ ಮಾಡಿ ಹೇಳುತ್ತೇನೆ ಎಂದು ತಡವರಿಸಿದ. ಹಾಗಾದರೆ ಸಣ್ಣವಳೆಲ್ಲಿ ಎಂದರು. ಸಾಕ್ಷಿಗೆಂದು ತಂಗಿಯನ್ನು ಪಕ್ಕದ ಮನೆಯಿಂದ ಕರೆಸಬೇಕಾಯಿತು. ಅವಳು ಬಾಯಿತುಂಬ ಶೇಂಗಾ ಇಟ್ಟುಕೊಂಡು, ಏನಾಗಿದೆ ಎಂದು ತಿಳಿಯದೆ, ಬಂದು ಬಾಗಿಲಲ್ಲಿ ನಿಂತಳು. ಇಷ್ಟು ಜತನದಿಂದ ಬಚ್ಚಿಟ್ಟವಳನ್ನು ಅವರೆಲ್ಲ ಕಣ್ಣುತುಂಬ ನೋಡಿದರು. ಈಗ ಬೆಳ್ಳನೆಯ ಹುಡುಗಿಯರು ಇಬ್ಬರಾದರು, ಚಿಗವ್ವ ಸೂಡಿಯಲ್ಲಿ ಕಂಡ ಕಪ್ಪು ಹುಡುಗಿ ಮಾತ್ರ ಮನೆಯಲ್ಲಿ ಎಲ್ಲೂ ಇರಲಿಲ್ಲ. ಹುಡುಗನ ಅಪ್ಪ ಚಪ್ಪಲಿ ಹುಡುಕತೊಡಗಿದರು. ಮಾಮಾ ಎದ್ದುನಿಂತು ಬೆಳಕು ಎಡದಿಂದ ಬೀಳುತ್ತಿದೆ, ಆದ್ದರಿಂದ ನೆರಳು ಕೂಡಿಬಂದಿಲ್ಲ, ಗ್ಯಾಸ್ ಬತ್ತಿಯ ಬೆಳಕಿನಲ್ಲಿ ನೋಡಿದರೆ ಬೇರೆಯೇ ಕಾಣುತ್ತದೆ ಎಂದು ಅವರಿಗೆ ವಿವರಿಸಲು ಹೋದ. ಅತ್ತೆ ಅರಿಷಿಣದ್ದೇ ದೋಷ, ಪೇಟೆಯ ಅರಿಷಿಣ ಈಗ ಮೊದಲಿನಂತಿಲ್ಲ ಎಂದಳು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ನನ್ನ ಧಾರವಾಡ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿಯುತ್ತಿತ್ತು. ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಜೀವಮಾನದ ಸಿಟ್ಟೆಲ್ಲ ಅವತ್ತು ಒಂದೇ ಸಲ ಬಂತು. ತಲೆ ಬಗ್ಗಿಸಿ ಕೂತವಳು ಎದ್ದೆ, ಸೆರಗು ಜಾರಿದ್ದೂ ತಿಳಿಯಲಿಲ್ಲ.

"ಎಲ್ಲಾರೂ ಸುಮ್ಮಕೂಡ್ರಿ," ಎಂದೆ. "ದೊಡ್ಡಾಕಿ ನಾನ. ಕಪ್ಪ ಅದೀನಿ, ಮೂಗ ಅಗಲ ಐತಿ, ಮುಲ್ಕಿ ಪಾಸ್ ಆಗೇನಿ. ಈ ಬಣ್ಣ ನಾ ಬೇಡಿದ್ದಲ್ಲ. ಮಾಮಾ, ನೀ ಕೆಳಗ ಕೂಡು. ಅತ್ತಿ, ಅರಿಷಿಣದ್ದ ಏನೂ ತಪ್ಪಿಲ್ಲ, ನಿನ್ನ ಸುಣ್ಣದ್ದು."

ಇನ್ನೂ ಬಹಳ ಅಂದೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಯಾರೂ ಹೋಗಬೇಡಿ, ಆಮೇಲೆ ಬೇಡವೆಂದರೆ ನನ್ನ ಮುಖ ನೋಡಿಯೇ ಬೇಡ ಅನ್ನಿ ಎಂದೆ. ಅಪ್ಪ ಕಣ್ಣು ಮುಚ್ಚಿಕೊಂಡ. ಸಂಬಂಧ ಮುಗಿಯಿತು ಎಂದು ನನಗೂ ಗೊತ್ತಿತ್ತು.

ಸೂಡಿಯ ಚಿಗವ್ವ ಉಡಿಯ ಅಕ್ಕಿ ಹಿಡಿದುಕೊಂಡು ನಿಂತೇ ಇದ್ದಳು. ಅವಳು ತನ್ನ ಭಾವನ ಕಡೆ ತಿರುಗಿದಳು.

"ಚಪ್ಪಲಿ ಬಿಡ್ರಿ. ಇಕಿನ ಹುಡಿಗಿ. ಅವತ್ತೂ ಹಿಂಗ ಒದರಿದ್ಲು."

ಆಮೇಲೆ ಸೂಡಿಯ ಕತೆಯನ್ನು ಅವಳೇ ಎಲ್ಲರಿಗೂ ಹೇಳಿದಳು. ಆ ಮದುವೆಯಲ್ಲಿ ಗಂಡಸರ ಪಂಕ್ತಿಗೆ ಬೇಡ ಬೇಡವೆಂದರೂ ಹೋಳಿಗೆ ಸುರಿದು, ಹೆಂಗಸರ ಪಂಕ್ತಿಗೆ ಬರುವಾಗ ಬುಟ್ಟಿ ಬರಿದು ಮಾಡಿಕೊಂಡು ಬಂದಿದ್ದರು. ಎಲ್ಲ ಹೆಂಗಸರೂ ಸಾರು ಅನ್ನ ಉಂಡು ಏಳುವವರಿದ್ದರು. ನಾನು ಒಳಗೆ ನುಗ್ಗಿ, ಅಡಿಗೆಯವರು ತಮಗೆಂದು ತೆಗೆದಿಟ್ಟುಕೊಂಡ ಹೋಳಿಗೆಯ ಬುಟ್ಟಿ ಹೊರಗೆ ತರಿಸಿದ್ದೆ. ಅವತ್ತು ಆ ಪಂಕ್ತಿಯಲ್ಲಿ ಈ ಚಿಗವ್ವ ಕೂತಿದ್ದಳಂತೆ. ಸಾಲಿ ತುಂಬ ಮಕ್ಕಳನ್ನು ಹಿಡಿದು ಕೂರಿಸುವುದಕ್ಕೆ ಇಂಥ ಗಂಟಲೇ ಬೇಕು ಎಂದು ಅವಳಿಗೆ ಅನ್ನಿಸಿತಂತೆ. ಇವತ್ತು ತಲೆ ಬಗ್ಗಿಸಿ ಕೂತ ಬಿಳಿ ಬೊಂಬೆಯನ್ನು ನೋಡಿ ಅವಳಿಗೆ ಗುರುತೇ ಸಿಗಲಿಲ್ಲ.

ಮುಖ ತೊಳೆದುಕೊಳ್ಳುವುದು ಬೇಡ, ಗೊತ್ತಾಯಿತಲ್ಲ ಎಂದರು. ನಾನು ಕೇಳಲಿಲ್ಲ. ಬಚ್ಚಲಿಗೆ ಹೋಗಿ ಕಡಲೆಹಿಟ್ಟು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ನೀರು ಮೊದಲು ಬಿಳಿಯಾಗಿ ಹರಿಯಿತು, ಆಮೇಲೆ ಕೆಂಪಾಗಿ, ಆಮೇಲೆ ನೀರಿನ ಬಣ್ಣಕ್ಕೆ ಬಂತು. ಗಲ್ಲ ಸುಣ್ಣಕ್ಕೆ ಚರ್ಮ ಕಿತ್ತು ಉರಿಯುತ್ತಿತ್ತು. ಹಾಗೆಯೇ ಬಂದು ಜಮಖಾನೆಯ ಮೇಲೆ ಕೂತು, ಈ ಸಲ ತಲೆ ಎತ್ತಿಕೊಂಡು, ಟ್ರೇನಿಂಗಿಗೆ ಖರೇ ಕಳಿಸುತ್ತೀರೋ ಇಲ್ಲವೋ ಎಂದು ಹುಡುಗನನ್ನೇ ಕೇಳಿಬಿಟ್ಟೆ. ಹಾಗೆ ಕೇಳುವ ರೂಢಿ ಇರಲಿಲ್ಲ. ಅವನು ಅವನಪ್ಪನ ಮುಖ ನೋಡಲಿಲ್ಲ, ಅಷ್ಟನ್ನು ನಾನು ಗಮನಿಸಿದೆ. ಕಳಿಸುತ್ತೇನೆ ಎಂದ. ಆಮೇಲೆ ನಮ್ಮ ಅಪ್ಪನ ಕಡೆ ತಿರುಗಿ ಕೇಳಿದ.

"ನನಗೂ ಒಂದ ತಂಬಗಿ ನೀರ ಕೊಡಸ್ತೀರೇನ್ರಿ? ಮಾರಿ ತೊಳಕೋಬೇಕ."

ತೊಳೆದುಕೊಂಡು ಬಂದಾಗ ಅವನೂ ನನ್ನಷ್ಟೇ ಕಪ್ಪಗಿದ್ದ.

ಅವರು ಸಂಜೆಯ ಬಸ್ಸಿಗೆ ಹೋದರು. ಮನೆಯಲ್ಲಿ ಎಲ್ಲರಿಗೂ ಸಂತೋಷವೋ ಸಂತೋಷ. ಮಾಮಾನಂತೂ ಬಣ್ಣ ಹಚ್ಚಿದ್ದಕ್ಕೇ ಇಷ್ಟೆಲ್ಲ ಸುಸೂತ್ರ ಆಯಿತು ಎಂದು ಆಗಲೇ ಅತ್ತೆಗೆ ಹೇಳುತ್ತಿದ್ದ. ನನಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಸೂಡಿಯವಳೊಬ್ಬಳು, ಬಂಧುವಲ್ಲ ಬಳಗವಲ್ಲ, ನನ್ನ ಮುಖವನ್ನು ಹುಡುಕಿಕೊಂಡು ನಮ್ಮ ಮನೆಯವರೆಗೆ ಬಂದಿದ್ದಳು. ನಮ್ಮವರು ಅದನ್ನೇ ಬಚ್ಚಿಟ್ಟಿದ್ದರು. ಬಚ್ಚಲಲ್ಲಿ ಅವ್ವ ನನ್ನ ಕುತ್ತಿಗೆಗೆ ಉಳಿದಿದ್ದ ಸಫೇದಾ ತಿಕ್ಕಿ ತೆಗೆಯುತ್ತಿದ್ದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ನಾನು ಇದ್ದ ಹಾಗೇ ಇದ್ದರೆ ನಿನಗೆ ನಾಚಿಕೆಯೇ ಎಂದು ಕೇಳಿದೆ.

ಅವ್ವ ಕಡಲೆಹಿಟ್ಟಿನ ಬಟ್ಟಲು ಕೈಗೆತ್ತಿಕೊಂಡಳು. ಹೊರಗೆ ಮಾಮಾನ ನಗೆ ಕೇಳಿಸುತ್ತಿತ್ತು.

"ಅಂವ ಬಣ್ಣ ಹಚ್ಚಿದ ಮೊದಲನೇ ಮಾರಿ ನಂದವಾ," ಎಂದಳು. "ನಿಮ್ಮಪ್ಪ ನೋಡಾಕ ಬಂದಾಗ. ಪಾಸ್ ಆತು. ಮದುವಿಯಾಗಿ ಮಾರಿ ತೊಳಕೊಂಡ ಮ್ಯಾಲ ನಿಮ್ಮಪ್ಪ ಮುಂದಿನ ಉಗಾದಿತನಕ ನನ್ನ ಜೋಡಿ ಮಾತಾಡಲಿಲ್ಲ."

ನಾ ನೋಡಿದ ಹುಡುಗಿ ಇವಳಲ್ಲ ಎಂದು ಅಪ್ಪನೂ ಅಂದಿರಬೇಕು. ಅವ್ವ ಅಷ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟು ಗೊತ್ತಿದ್ದೂ ನನಗೆ ಯಾಕೆ ಹಚ್ಚಿಸಿದೆ ಎಂದು ಮಾತ್ರ ಕೇಳಿದೆ. ಹಚ್ಚದಿದ್ದರೆ ಹೆಣ್ಣುಮಕ್ಕಳಿಗೆ ಮದುವೆ ಆಗುತ್ತದೆ ಎನ್ನುವುದು ತನಗೆ ಗೊತ್ತಿರಲಿಲ್ಲ ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಸಿಟ್ಟಿಗೆ ಅಲ್ಲಿ ನಿಲ್ಲಲು ಜಾಗ ಸಿಗಲಿಲ್ಲ. ಅವಳ ಕೈಯಿಂದ ಕಡಲೆಹಿಟ್ಟಿನ ಬಟ್ಟಲು ತೆಗೆದುಕೊಂಡು ಉಳಿದದ್ದನ್ನು ನಾನೇ ತಿಕ್ಕಿಕೊಂಡೆ.

ಮದುವೆಯ ದಿನ ಬೆಳಿಗ್ಗೆ ಮಾಮಾ ರೋಣದಿಂದ ಬಂದ. ಕೈಯಲ್ಲಿ ಅದೇ ತಗಡಿನ ಟ್ರಂಕು. ಹೊಸ ಸಫೇದಾ ತಂದಿದ್ದೇನೆ, ಈ ಸಲ ಎರಡು ಡಬ್ಬಿ ಎಂದು ಬಾಗಿಲಿನಿಂದಲೇ ಹೇಳಿದ. ಅವ್ವ ಹೋಗಿ ಅವನ ಕೈಯಿಂದ ಟ್ರಂಕು ಇಸಿದುಕೊಂಡಳು. ಜೋಳದ ಚೀಲ ಒಟ್ಟಿದ ಕೋಣೆಯಲ್ಲಿಟ್ಟು ಚಿಲಕ ಹಾಕಿದಳು. ಜನ್ಮದಲ್ಲಿ ತಮ್ಮನಿಗೆ ಎದುರು ಮಾತಾಡದವಳು ಅವತ್ತೂ ಏನೂ ಮಾತಾಡಲಿಲ್ಲ. ಬಂದು ನನ್ನ ಎದುರಿಗೆ ಕೂತು, ಅರಿಷಿಣ ಕಲೆಸಿಕೊಂಡು ನನ್ನ ಗಲ್ಲಕ್ಕೆ ಹಚ್ಚಿದಳು. ಹಚ್ಚಿ, ಸ್ವಲ್ಪ ಹೊತ್ತು ಕೈ ತೆಗೆಯದೆ ನೋಡುತ್ತ ಕೂತಳು. ಅರಿಷಿಣ ಹಳದಿಯಾಗಿಯೇ ಉಳಿಯಿತು.